ಬೆನ್ನ ಮೇಲೆ ನಾಲ್ಕು ಪಟ್ಟೆ ಇದ್ದರೆ ಸಾಕೇ? ಹುಳು ಮನೆಯಲ್ಲಿ ಸಿಕ್ಕ ನೊಣ ಊಜಿಯೋ ಅಲ್ಲವೋ ಎಂದು ತಿಳಿಯುವ ಬಗೆ

ಹಿಪ್ಪುನೇರಳೆ ತೋಟ (ಚಿಂತಾಮಣಿ)

ಎಲ್ಲರಿಗೂ ನಮಸ್ಕಾರ. ನಾವು ರೆಂಬೆ ಪದ್ಧತಿಯಲ್ಲಿ ದ್ವಿತಳಿ ರೇಷ್ಮೆ ಹುಳು ಸಾಕುವವರು. ಈ ಬೆಳೆಯಲ್ಲಿ ಹುಳುಗಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ನಂತರ, ಹುಳು ಮನೆಯ ಕಿಟಕಿಯ ಪರದೆಗೆ ಒಳಗಿನಿಂದ ಬಂದು ಕೂರುತ್ತಿದ್ದ ನೊಣಗಳನ್ನು ಹಿಡಿದು ಒಂದು ಸೀಸೆಯಲ್ಲಿ ಹಾಕಿಟ್ಟಿದ್ದೇನೆ. ಹುಳುವಿನ ಮೈಯೊಳಗೆ ಮರಿ ಬೆಳೆದು ಅದನ್ನು ಕೊಲ್ಲುವ ಊಜಿ ನೊಣದ ಬೆನ್ನಿನ ಮೇಲೆ ನಾಲ್ಕು ಕಪ್ಪು ಪಟ್ಟೆಗಳಿರುತ್ತವೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ನನ್ನ ಸೀಸೆಯಲ್ಲಿರುವ ದೊಡ್ಡ ನೊಣಕ್ಕೂ ನಾಲ್ಕು ಪಟ್ಟೆಗಳಿವೆ, ಅದರ ಅರ್ಧದಷ್ಟೇ ಇರುವ ನೊಣಕ್ಕೂ ನಾಲ್ಕು ಪಟ್ಟೆಗಳಿವೆ. ಇನ್ನೊಂದು ನೊಣವು ದೊಡ್ಡದೇ ಆಗಿದ್ದರೂ ಅದರ ಪಟ್ಟೆಗಳು ಅಗಲವಾಗಿದ್ದು, ಎಣಿಸಿದರೆ ಮೂರೇ ಬರುತ್ತವೆ. ಅದರ ಹೊಟ್ಟೆಯ ಮೇಲೆ ಚದುರಂಗದ ಮಣೆಯಂತೆ ಬೂದು ಮತ್ತು ಕಪ್ಪು ಚೌಕಗಳಿವೆ.

ಇದರ ಜೊತೆಗೆ, ಗೋಡೆಯ ಬುಡದ ಬಿರುಕಿನಲ್ಲಿ ಎರಡು ಬಗೆಯ ಕೋಶಗಳು (ಮರಿ ನೊಣವಾಗುವ ಮುನ್ನ ಅಡಗಿರುವ ಗಟ್ಟಿ ಸಿಪ್ಪೆಗಳು) ಸಿಕ್ಕಿವೆ. ಕೆಲವು ಒಂದು ಸೆಂಟಿಮೀಟರ್‌ನಷ್ಟು ಉದ್ದದ ಕಂದುಗೆಂಪು ಕೋಶಗಳು, ಮತ್ತೆ ಕೆಲವು ಎಳ್ಳಿಗಿಂತ ತುಸು ದೊಡ್ಡವು. ಇವುಗಳಲ್ಲಿ ಊಜಿ ಯಾವುದು, ಮಿಕ್ಕವು ಯಾವುವು, ಮತ್ತು ಮಿಕ್ಕವುಗಳಿಂದ ಹುಳುವಿಗೆ ಅಪಾಯವಿದೆಯೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಹಳೇ ಚಂದ್ರಿಕೆ (ಕನಕಪುರ)

ತೋಟದವರೇ, ನೊಣವನ್ನು ನೋಡುವುದಕ್ಕಿಂತ ಮೊದಲು ಹುಳುವನ್ನು ನೋಡಿ. ಊಜಿ ಬಂದಿದ್ದರೆ ಹುಳುವಿನ ಮೈಮೇಲೆ ಕೆನೆಬಿಳಿ ಬಣ್ಣದ ಮೊಟ್ಟೆ ಅಂಟಿಕೊಂಡಿರುತ್ತದೆ. ಅದು ಅರ್ಧ ಮಿಲಿಮೀಟರ್‌ನಷ್ಟಿದ್ದರೂ ಬರಿಗಣ್ಣಿಗೆ ಕಾಣುತ್ತದೆ. ಸಾಮಾನ್ಯವಾಗಿ ಒಂದು ಹುಳುವಿಗೆ ಒಂದೋ ಎರಡೋ ಇರುತ್ತವೆ. ಎರಡು ಮೂರು ದಿನಗಳಲ್ಲಿ ಮರಿ ಒಡೆದು ಚರ್ಮವನ್ನು ಕೊರೆದು ಒಳಗೆ ಹೋದ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಈ ಕಲೆ ಕಂಡರೆ ಮತ್ತೇನೂ ನೋಡಬೇಕಾಗಿಲ್ಲ.

ಈ ನೊಣ ನಮ್ಮ ಕಡೆಯದಲ್ಲ ಎಂಬುದನ್ನು ಈಗಿನ ಸಾಕಣೆದಾರರಲ್ಲಿ ಅನೇಕರು ಅರಿಯರು. 1980ರ ತನಕ ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಊಜಿಯ ಹೆಸರೇ ಗೊತ್ತಿರಲಿಲ್ಲ. ಆ ವರ್ಷ ಪಶ್ಚಿಮ ಬಂಗಾಳದ ಕಡೆಯಿಂದ ಬಂದ ಸರಕಿನ ಜೊತೆಯಲ್ಲಿ ಅದು ಇಲ್ಲಿಗೆ ಹೊಕ್ಕಿತು, ಅನಂತರ ನೆರೆಯ ರಾಜ್ಯಗಳಿಗೂ ಹರಡಿತು. ಆಗ ಯಾರ ಕೈಯಲ್ಲಿಯೂ ಮಸೂರ ಇರಲಿಲ್ಲ. ಹುಳುವಿನ ಮೇಲಿನ ಕಪ್ಪು ಕಲೆಯನ್ನೂ, ತೂತು ಬಿದ್ದ ಗೂಡನ್ನೂ ನೋಡಿಯೇ ಜನರು ಅದನ್ನು ಗುರುತಿಸಲು ಕಲಿತರು.

ದ್ವಿರೆಕ್ಕೆ (ಬೆಂಗಳೂರು)

ನಾನು ಕೀಟಶಾಸ್ತ್ರದ ವಿದ್ಯಾರ್ಥಿ. ನೊಣಗಳ ವರ್ಗೀಕರಣ ನನ್ನ ಅಧ್ಯಯನದ ವಿಷಯ. ಹಿರಿಯರು ಹೇಳಿದ ಗುರುತುಗಳು ಸರಿಯಾಗಿವೆ, ಆದರೆ ತೋಟದವರು ಕೇಳಿರುವುದು ಸೀಸೆಯಲ್ಲಿರುವ ನೊಣದ ವಿಚಾರವಾದ್ದರಿಂದ ನಾನು ನೊಣದಿಂದಲೇ ಆರಂಭಿಸುತ್ತೇನೆ.

ನಾಲ್ಕು ಪಟ್ಟೆಯ ಗುರುತು ಸುಳ್ಳಲ್ಲ, ಆದರೆ ಅದೊಂದರಿಂದ ಏನೂ ತೀರ್ಮಾನವಾಗುವುದಿಲ್ಲ. ನಮ್ಮ ಅಡುಗೆಮನೆಯ ಸಾಮಾನ್ಯ ನೊಣವಾದ ಮಸ್ಕಾ ಡೊಮೆಸ್ಟಿಕಾಕ್ಕೂ ಎದೆಯ ಮೇಲ್ಭಾಗದಲ್ಲಿ ಸರಿಯಾಗಿ ನಾಲ್ಕೇ ಪಟ್ಟೆಗಳಿವೆ. ತಾವು ಹೇಳಿದ ಅರ್ಧ ಗಾತ್ರದ ನೊಣ ಬಹುಶಃ ಅದೇ. ಊಜಿ ನೊಣದ, ಅಂದರೆ ಎಕ್ಸೋರಿಸ್ಟಾ ಬಾಂಬೈಸಿಸ್‌ನ ಗಂಡು ಸುಮಾರು 12 ಮಿಲಿಮೀಟರ್ ಇದ್ದರೆ ಹೆಣ್ಣು ಸುಮಾರು 10 ಮಿಲಿಮೀಟರ್ ಇರುತ್ತದೆ. ಮನೆನೊಣ ಆರೇಳು ಮಿಲಿಮೀಟರ್‌ಗಿಂತ ಹೆಚ್ಚು ಬೆಳೆಯುವುದು ಕಡಿಮೆ. ಹಾಗೆಂದು ಗಾತ್ರವನ್ನೂ ಪೂರ್ತಿ ನಂಬುವಂತಿಲ್ಲ. ಒಂದೇ ಹುಳುವಿನೊಳಗೆ ಹಲವು ಮರಿಗಳು ಬೆಳೆದು ಅವುಗಳಿಗೆ ಆಹಾರ ಸಾಲದೆ ಹೋದರೆ, ಊಜಿಯೂ ಕುಳ್ಳಾಗಿಯೇ ಹೊರಬರುತ್ತದೆ.

ಆದ್ದರಿಂದ ಪಟ್ಟೆ ಮತ್ತು ಗಾತ್ರವನ್ನು ಬದಿಗಿಟ್ಟು, ಮೊದಲು ಹೊಟ್ಟೆಯನ್ನು ನೋಡಬೇಕು. ಊಜಿಯ ಉದರವು ಹಿಂದಕ್ಕೆ ಹೋದಂತೆ ಮೊನಚಾಗಿರುತ್ತದೆ. ಮೊದಲನೆಯ ಖಂಡ ಕಪ್ಪಾಗಿದ್ದು ಮಿಕ್ಕವು ಬೂದು ಬೆರೆತ ಹಳದಿ ಬಣ್ಣದಲ್ಲಿರುತ್ತವೆ, ಮತ್ತು ಖಂಡಗಳ ಅಂಚಿನಲ್ಲಿ ಎದ್ದು ನಿಂತ ದಪ್ಪ ಬಿರುಗೂದಲುಗಳು ಬರಿಗಣ್ಣಿಗೇ ಮುಳ್ಳುಗಳಂತೆ ಕಾಣುತ್ತವೆ. ಮನೆನೊಣದ ಹೊಟ್ಟೆಯ ಮೇಲೆ ಇರುವುದು ಸಣ್ಣ ಮೃದು ಕೂದಲು ಮಾತ್ರ.

ಎರಡನೆಯದಾಗಿ ಕುಡಿಮೀಸೆಯನ್ನು ನೋಡಬೇಕು. ನೊಣದ ಮುಖದ ಮುಂದೆ ಜೋತುಬಿದ್ದಿರುವ ಗಿಡ್ಡ ಮೀಸೆಯ ಮೇಲೆ ಕೂದಲೆಳೆಯಂಥ ಒಂದು ಕಡ್ಡಿ ಇರುತ್ತದೆ, ಅದಕ್ಕೆ ಅರಿಸ್ಟಾ ಎನ್ನುತ್ತಾರೆ. ಮನೆನೊಣದಲ್ಲಿ ಈ ಕಡ್ಡಿಯ ಎರಡೂ ಬದಿಗೆ ತುದಿಯವರೆಗೆ ಗರಿಯಂತೆ ಕೂದಲು ಹರಡಿರುತ್ತದೆ. ಮಾಂಸನೊಣಗಳಲ್ಲಿ, ಅಂದರೆ ಸಾರ್ಕೊಫೇಗಾ ಗುಂಪಿನಲ್ಲಿ, ಬುಡದ ಅರ್ಧಭಾಗದಲ್ಲಿ ಮಾತ್ರ ಗರಿ ಇದ್ದು ತುದಿ ಬೋಳಾಗಿರುತ್ತದೆ. ಊಜಿಯಲ್ಲಿ ಕಡ್ಡಿ ಪೂರ್ತಿ ಬೋಳು. ಮನೆನೊಣ, ಮಾಂಸನೊಣ ಮತ್ತು ಊಜಿಯನ್ನು ಒಂದೇ ನೋಟದಲ್ಲಿ ಬೇರ್ಪಡಿಸಬಲ್ಲ ಗುರುತು ಇದಾದ್ದರಿಂದ, ಸಾಕಣೆದಾರರ ತರಬೇತಿಯಲ್ಲಿ ಪಟ್ಟೆಗಿಂತ ಮುಂಚೆ ಇದನ್ನು ಹೇಳಿಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಗುರುತು ಊಜಿ ಸೇರಿರುವ ಟ್ಯಾಕಿನಿಡೇ ಕುಟುಂಬಕ್ಕೇ ವಿಶೇಷವಾದದ್ದು. ನೊಣದ ಎದೆಯ ಹಿಂಭಾಗದಲ್ಲಿ ಮುಕ್ಕೋನದ ಸಣ್ಣ ಫಲಕವೊಂದು ಹಿಂದಕ್ಕೆ ಚಾಚಿಕೊಂಡಿರುತ್ತದೆ, ಅದು ಸ್ಕ್ಯುಟೆಲ್ಲಮ್. ನೊಣವನ್ನು ಪಕ್ಕದಿಂದ ನೋಡಿದಾಗ ಆ ಫಲಕದ ಕೆಳಗೆ ಇನ್ನೊಂದು ದುಂಡನೆಯ ಉಬ್ಬು ಎದ್ದುಕಂಡರೆ, ಅದು ಸಬ್‌ಸ್ಕ್ಯುಟೆಲ್ಲಮ್. ಟ್ಯಾಕಿನಿಡ್ ನೊಣಗಳಲ್ಲಿ ಈ ಉಬ್ಬು ಸ್ಪಷ್ಟವಾಗಿ ಬೆಳೆದಿರುತ್ತದೆ. ಮನೆನೊಣ, ಮಾಂಸನೊಣ, ಮಿರುಗುವ ಹಸಿರು ಅಥವಾ ನೀಲಿ ನೊಣ ಇವು ಯಾವುದರಲ್ಲಿಯೂ ಅದು ಹೀಗೆ ಎದ್ದುಕಾಣುವುದಿಲ್ಲ.

ಮೂರು ಅಗಲ ಪಟ್ಟೆ ಮತ್ತು ಚೌಕಳಿಯ ಹೊಟ್ಟೆಯ ನೊಣ ಮಾಂಸನೊಣವೇ ಇರಬೇಕು. ಹಿಂಗಾಲಿನ ಬುಡಕ್ಕಿಂತ ಮೇಲೆ, ಎದೆಯ ಪಕ್ಕದಲ್ಲಿ ಸಾಲಾಗಿ ನಿಂತ ಗಡುಸು ಕೂದಲುಗಳು ಊಜಿಗೂ ಇವೆ, ಮಾಂಸನೊಣಕ್ಕೂ ಇವೆ, ಮನೆನೊಣಕ್ಕೆ ಇಲ್ಲ. ಹೀಗಾಗಿ ಆ ಸಾಲು ಕಂಡ ಮಾತ್ರಕ್ಕೆ ಊಜಿ ಎನ್ನುವಂತಿಲ್ಲ. ಕಾಣದಿದ್ದರೆ ಮಾತ್ರ ಊಜಿಯಲ್ಲ ಎಂದು ಧೈರ್ಯವಾಗಿ ಹೇಳಬಹುದು. ರೆಕ್ಕೆಯ ನರ ತುದಿಯಲ್ಲಿ ಮೇಲಕ್ಕೆ ಬಾಗುವುದನ್ನು ಗುರುತಾಗಿ ಹೇಳುವವರಿದ್ದಾರೆ. ಮನೆನೊಣದಲ್ಲಿಯೂ ಅದು ಬಾಗಿರುವುದರಿಂದ ಇಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

ಹಿಪ್ಪುನೇರಳೆ ತೋಟ

ಬಹಳ ಉಪಕಾರವಾಯಿತು. ಅರಿಸ್ಟಾ ಎಂಬ ಕಡ್ಡಿಯನ್ನು ಬರಿಗಣ್ಣಿನಿಂದ ನೋಡಲು ಪ್ರಯತ್ನಿಸಿದೆ, ಕಾಣಲಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿದರೆ ಎಲ್ಲವೂ ಮಸುಕಾಗುತ್ತದೆ. ಸೂಕ್ಷ್ಮದರ್ಶಕ ಇಲ್ಲದವರು ಏನು ಮಾಡಬೇಕು? ಇನ್ನೊಂದು ಸಂದೇಹವೂ ಇದೆ. ಸೀಸೆಯಲ್ಲಿರುವ ನೊಣಗಳ ಕಣ್ಣು ಹಿಡಿದಾಗ ಕೆಂಪಗಿತ್ತು, ಈಗ ಕಂದಾಗಿದೆ. ಪಟ್ಟೆಗಳೂ ಮೊದಲಿನಷ್ಟು ಸ್ಪಷ್ಟವಾಗಿಲ್ಲ.

ಮಸೂರ (ಮೈಸೂರು)

ನಾನು ಕೀಟಗಳ ಛಾಯಾಚಿತ್ರ ತೆಗೆಯುವ ಹವ್ಯಾಸಿ. ಸೂಕ್ಷ್ಮದರ್ಶಕ ಬೇಕಾಗಿಲ್ಲ. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಸಾಕು. ಗಡಿಯಾರ ರಿಪೇರಿ ಮಾಡುವವರು ಮತ್ತು ಒಡವೆ ಅಂಗಡಿಯವರು ಬಳಸುವಂಥದ್ದು. ಮಸೂರವನ್ನು ಕಣ್ಣಿಗೆ ಹತ್ತಿರ ಹಿಡಿದು, ನೊಣವನ್ನು ಮಸೂರದ ಹತ್ತಿರಕ್ಕೆ ತರಬೇಕು. ಅನೇಕರು ಮಸೂರವನ್ನು ನೊಣದ ಮೇಲೆ ಹಿಡಿದು ತಾವು ದೂರದಿಂದ ಬಗ್ಗಿ ನೋಡುತ್ತಾರೆ. ಹಾಗೆ ನೋಡಿದರೆ ನೋಟದ ಹರವು ತೀರ ಕಿರಿದಾಗುತ್ತದೆ. ಅರಿಸ್ಟಾದ ಗರಿಯನ್ನು ನೋಡಲು ನೊಣದ ಮುಖದ ಹಿಂದೆ ಬಿಳಿ ಕಾಗದ ಇಟ್ಟು ಪಕ್ಕದಿಂದ ಬೆಳಕು ಬೀಳುವಂತೆ ಮಾಡಿ. ಇದೇ ಮಸೂರವನ್ನು ಮೊಬೈಲ್ ಕ್ಯಾಮೆರಾದ ಮುಂದೆ ಒತ್ತಿ ಹಿಡಿದರೆ ಚಿತ್ರವೂ ಸಿಗುತ್ತದೆ. ಮೂರು ಚಿತ್ರಗಳು ಬೇಕೇಬೇಕು: ಮೇಲಿನಿಂದ ಒಂದು, ನೇರ ಪಕ್ಕದಿಂದ ಒಂದು, ಮುಖ ಕಾಣುವಂತೆ ಒಂದು. ಮೇಲಿನಿಂದ ತೆಗೆದ ಒಂದೇ ಚಿತ್ರವನ್ನು ಹಾಕಿ "ಇದು ಯಾವ ನೊಣ" ಎಂದು ಕೇಳಿದರೆ ಯಾರಿಂದಲೂ ಉತ್ತರ ಬಾರದಿರುವುದಕ್ಕೆ ಕಾರಣ ಇದೇ.

ಕಣ್ಣಿನ ಬಣ್ಣ ಸತ್ತ ಮೇಲೆ ಬದಲಾಗುತ್ತದೆ, ಅದನ್ನು ಗುರುತಾಗಿ ಹಿಡಿಯಬೇಡಿ. ಪಟ್ಟೆಗಳ ನಡುವಿನ ಬೂದು ಬಣ್ಣವು ಮೈಮೇಲೆ ಕವಿದಿರುವ ಅತಿಸೂಕ್ಷ್ಮ ಧೂಳಿನಂಥ ಹೊದಿಕೆಯಿಂದ ಬರುವಂಥದ್ದು. ಸೀಸೆಯಲ್ಲಿ ನೊಣಗಳು ಒಂದಕ್ಕೊಂದು ಉಜ್ಜಿಕೊಂಡರೆ, ತೇವ ತಗುಲಿದರೆ ಅದು ಮಾಸಿ ಮೈಯೆಲ್ಲ ಕಪ್ಪಾಗಿ ಕಾಣುತ್ತದೆ. ಪ್ರತಿಯೊಂದನ್ನೂ ಬೇರೆ ಬೇರೆ ಸೀಸೆಯಲ್ಲಿ, ಒಳಗೆ ಕಾಗದದ ತುಂಡು ಹಾಕಿ ಇಡುವುದು ಒಳ್ಳೆಯದು.

ಹಳೇ ಚಂದ್ರಿಕೆ

ವಿದ್ಯಾರ್ಥಿಗಳು ಬರೆದದ್ದನ್ನು ಗೌರವದಿಂದ ಓದಿದೆ. ಆದರೂ ಒಂದು ಮಾತು ಹೇಳದೆ ಇರಲಾರೆ. ನೊಣ ಪರದೆಯ ಮೇಲೆ ಬಂದು ಕೂರುವ ಹೊತ್ತಿಗೆ ಹುಳುವಿನ ಮೇಲೆ ಮೊಟ್ಟೆ ಇಟ್ಟಾಗಿರುತ್ತದೆ. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಅದರ ಮೀಸೆಯಲ್ಲಿ ಗರಿ ಇದೆಯೇ ಇಲ್ಲವೇ ಎಂದು ಸಾಕಣೆದಾರನು ಹುಡುಕುತ್ತ ಕುಳಿತರೆ ಹುಳು ಕಾಯುವುದಿಲ್ಲ. ಹುಳು ಮನೆಯೊಳಗೆ ಬಂದ ಯಾವ ನೊಣವಾದರೂ ಶತ್ರುವೇ ಎಂದು ತಿಳಿದು ನಡೆದರೆ ನಷ್ಟವೇನು?

ದ್ವಿರೆಕ್ಕೆ

ಹಿರಿಯರೇ, ನೊಣ ಯಾವುದೇ ಆಗಿರಲಿ ಅದನ್ನು ಒಳಗೆ ಬಿಡಬಾರದು ಎಂಬುದರಲ್ಲಿ ನನಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಯಾವ ನೊಣ ಬಂದಿದೆ ಎಂಬುದರ ಮೇಲೆ ಮುಂದಿನ ಕೆಲಸ ನಿಲ್ಲುತ್ತದೆ. ಊಜಿ ಜೀವಂತ ಹುಳುವನ್ನು ಹುಡುಕಿಕೊಂಡು ಹೊರಗಿನಿಂದ ಬರುತ್ತದೆ. ಅದು ಸಿಕ್ಕಿತೆಂದರೆ ಪರದೆ ಎಲ್ಲೋ ಹರಿದಿದೆ, ಬಾಗಿಲ ಸಂದಿಯಲ್ಲಿ ದಾರಿಯಿದೆ, ಇಲ್ಲವೇ ಹಿಂದಿನ ಬೆಳೆಯ ಕೋಶಗಳು ಮನೆಯೊಳಗೇ ಉಳಿದು ಈಗ ಒಡೆದಿವೆ. ಮಾಂಸನೊಣ ಹಾಗಲ್ಲ. ಅದು ಕೊಳೆಯುವ ವಾಸನೆಗೆ ಬರುತ್ತದೆ, ಮೊಟ್ಟೆಯ ಬದಲು ಜೀವಂತ ಮರಿಗಳನ್ನೇ ಹಾಕುತ್ತದೆ. ಅದು ಹೆಚ್ಚಾಗಿ ಕಂಡರೆ ಸಪ್ಪೆ ರೋಗದಿಂದಲೋ ಹಾಲು ತೊಂಡೆಯಿಂದಲೋ ಸತ್ತ ಹುಳುಗಳು ಸೊಪ್ಪಿನ ಹಾಸಿಗೆಯಲ್ಲಿ ಉಳಿದಿವೆ ಎಂದರ್ಥ. ಆಗ ಪರದೆಯನ್ನು ಎಷ್ಟು ಭದ್ರ ಮಾಡಿದರೂ ರೋಗ ಹಾಸಿಗೆಯೊಳಗೇ ಉಳಿಯುತ್ತದೆ.

ಇನ್ನೊಂದು ಕಾರಣವೂ ಇದೆ. ಸತ್ತ ಹುಳುವಿನಿಂದ ಮರಿಗಳು ಹೊರಬಂದುದನ್ನು ಕಂಡು "ಊಜಿಯಿಂದಲೇ ಸತ್ತಿದೆ" ಎನ್ನುವವರು ಬಹಳ. ಸತ್ತ ಮೇಲೆ ಬಂದು ಸೇರಿದ ನೊಣವೂ ಹೀಗೆಯೇ ಮರಿ ಮಾಡಿರಬಹುದು. ಆದ್ದರಿಂದ ಪರಾವಲಂಬಿಯೆಂದು ಹೇಳಬೇಕಾದರೆ, ಬದುಕಿರುವ ಹುಳುವನ್ನೇ ಪ್ರತ್ಯೇಕವಾಗಿ, ಬಲೆ ಮುಚ್ಚಿದ ಡಬ್ಬಿಯಲ್ಲಿ ಸೊಪ್ಪು ಕೊಟ್ಟು ಸಾಕಿ, ಅದರಿಂದ ಹೊರಬಂದ ಮರಿಯನ್ನು ಕೋಶ ಕಟ್ಟಲು ಬಿಟ್ಟು, ಕೊನೆಗೆ ನೊಣವನ್ನು ನೋಡಬೇಕು.

ಹಳೇ ಚಂದ್ರಿಕೆ

ಸತ್ತ ಹುಳುವಿನ ವಿಚಾರ ಒಪ್ಪತಕ್ಕದ್ದೇ. ಆದರೆ ಕಪ್ಪು ಕಲೆಯ ವಿಚಾರದಲ್ಲಿ ನನ್ನ ಮಾತು ನಿಲ್ಲುತ್ತದೆ ತಾನೆ?

ದ್ವಿರೆಕ್ಕೆ

ನಿಲ್ಲುತ್ತದೆ, ಎರಡು ಎಚ್ಚರಿಕೆಗಳೊಂದಿಗೆ. ಊಜಿಯ ಕಲೆ ಬರಿಯ ಗಾಯದ ಗುರುತಲ್ಲ. ಒಳಗೆ ಹೋದ ಮರಿ ಉಸಿರಾಡುವುದಕ್ಕಾಗಿ ತನ್ನ ಹಿಂಭಾಗವನ್ನು ಹೊರಗಿನ ಗಾಳಿಯೊಡನೆ ಸೇರಿಸಿಕೊಂಡಿರುತ್ತದೆ. ಹುಳುವಿನ ದೇಹ ಅದರ ಸುತ್ತ ಗಟ್ಟಿಯಾದ ಕಪ್ಪು ಕೊಳವೆಯೊಂದನ್ನು ಕಟ್ಟುತ್ತದೆ. ನಮಗೆ ಕಾಣುವ ಕಲೆ ಆ ಕೊಳವೆಯ ಬಾಯಿ. ಹಾಗಾಗಿ ಅದು ಒಂದೆರಡು ಕಡೆ ಮಾತ್ರ, ಸ್ಪಷ್ಟವಾದ ಅಂಚಿನೊಡನೆ ಇರುತ್ತದೆ. ಹಲವು ಬಾರಿ ಮೊಟ್ಟೆಯ ಸಿಪ್ಪೆಯೂ ಪಕ್ಕದಲ್ಲೇ ಅಂಟಿಕೊಂಡಿರುತ್ತದೆ. ರೇಷ್ಮೆ ಹುಳುವಿನ ಗಂಟು ರೋಗದಲ್ಲಿ (ಪೆಬ್ರಿನ್) ಬರುವ ಚುಕ್ಕೆಗಳು ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣಗೆ, ಮೈತುಂಬ ಹರಡಿರುತ್ತವೆ. ಇವೆರಡನ್ನೂ ಬೆರೆಸಿದರೆ ಅಪಾಯ ದೊಡ್ಡದು, ಏಕೆಂದರೆ ಗಂಟು ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೂ ದಾಟುತ್ತದೆ.

ಎರಡನೆಯದು, ಮೊಟ್ಟೆ ಕಂಡ ಹುಳುವೆಲ್ಲವೂ ಊಜಿಗೆ ಬಲಿಯಾಗುವುದಿಲ್ಲ. ಮರಿ ಒಡೆಯುವ ಮೊದಲೇ ಹುಳು ಜ್ವರಕ್ಕೆ ಹೋಗಿ ಪೊರೆ ಕಳಚಿದರೆ ಮೊಟ್ಟೆಯೂ ಪೊರೆಯೊಂದಿಗೆ ಬಿದ್ದುಹೋಗುತ್ತದೆ.

ಬಿತ್ತನೆ ಕೋಠಿ (ರಾಮನಗರ)

ಕೋಶಗಳ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೊಟ್ಟೆ ತಯಾರಿಕೆಯ ಕೆಲಸದಲ್ಲಿ ನಮಗೆ ಹಾರುವ ನೊಣಕ್ಕಿಂತ ಕೋಶವೇ ಹೆಚ್ಚಾಗಿ ಸಿಗುತ್ತದೆ. ಬಿತ್ತನೆ ಗೂಡಿನ ರಾಶಿಯ ಕೆಳಗೆ, ಬುಟ್ಟಿಯ ಅಡಿಯಲ್ಲಿ, ನೆಲ ಮತ್ತು ಗೋಡೆ ಸೇರುವ ಕಡೆಯಲ್ಲಿ ಅವು ಸೇರಿಕೊಂಡಿರುತ್ತವೆ. ಊಜಿಯ ಮರಿ ಹುಳುವಿನಿಂದ ಅಥವಾ ಗೂಡಿನಿಂದ ಹೊರಬಿದ್ದು ಒಂದು ದಿನ ಕಳೆಯುವುದರೊಳಗೆ ಕತ್ತಲೆಯ ಸಂದಿ ಹುಡುಕಿ ಕೋಶವಾಗುತ್ತದೆ.

ಊಜಿಯ ಕೋಶ ಉರುಟಾದ ಉದ್ದಗಿನ ಆಕಾರದ್ದು, ಗಾಢ ಕಂದುಗೆಂಪು ಬಣ್ಣದ್ದು, ಸುಮಾರು 9ರಿಂದ 12 ಮಿಲಿಮೀಟರ್ ಉದ್ದದ್ದು. ಮಾಂಸನೊಣದ ಕೋಶವೂ ಇದೇ ಅಳತೆಗೆ, ಇದೇ ಬಣ್ಣಕ್ಕೆ ಬರುತ್ತದೆ. ಇಲ್ಲಿ ನೋಡಬೇಕಾದ್ದು ಕೋಶದ ಹಿಂತುದಿಯನ್ನು. ಮರಿಯ ಉಸಿರಾಟದ ರಂಧ್ರಗಳಿರುವ ಎರಡು ಕಪ್ಪು ತಟ್ಟೆಗಳು ಕೋಶದ ಮೇಲೆಯೂ ಉಳಿದಿರುತ್ತವೆ. ಊಜಿಯಲ್ಲಿ ಈ ತಟ್ಟೆಗಳು ದುಂಡನೆಯ ಹಿಂತುದಿಯ ಮೇಲೆ ಹೊರಗೇ ಕಾಣುತ್ತವೆ. ಮಾಂಸನೊಣದಲ್ಲಿ ಅವು ಆಳವಾದ ಕುಳಿಯೊಂದರ ತಳದಲ್ಲಿ ಹುದುಗಿದ್ದು, ಕುಳಿಯ ಸುತ್ತ ಸಣ್ಣ ಗುಬುಟುಗಳಿರುತ್ತವೆ. ಹೊಸಬರೂ ಈ ಕುಳಿಯನ್ನು ಮಸೂರದಲ್ಲಿ ಸುಲಭವಾಗಿ ಹಿಡಿಯಬಲ್ಲರು.

ತಾವು ಹೇಳಿರುವ ಸಣ್ಣ ಕೋಶಗಳು ಫೋರಿಡ್ ನೊಣದವು ಆಗಿರಬಹುದು. ಅವು ಎರಡು ಮೂರು ಮಿಲಿಮೀಟರ್ ಉದ್ದವಿದ್ದು ತುಸು ಚಪ್ಪಟೆಯಾಗಿರುತ್ತವೆ. ಮುಂಭಾಗದ ಮೇಲ್ಗಡೆ ಎರಡು ಸಣ್ಣ ಕೊಂಬುಗಳು ಚಾಚಿಕೊಂಡಿರುತ್ತವೆ. ಕೊಂಬು ಕಂಡರೆ ಸಂದೇಹವೇ ಬೇಡ. ಮೆಗಾಸೀಲಿಯಾ ಸ್ಕೇಲಾರಿಸ್ ಎಂಬ ಈ ನೊಣ ಹಳದಿ ಮಿಶ್ರಿತ ಕಂದು ಬಣ್ಣದ್ದು, ಬೆನ್ನು ಗೂನು, ಹಾರುವುದಕ್ಕಿಂತ ತಡೆತಡೆದು ಓಡುವುದೇ ಹೆಚ್ಚು. ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ದಪ್ಪ ನರಗಳಿದ್ದು ಮಿಕ್ಕ ನರಗಳು ತೀರ ತೆಳುವಾಗಿರುತ್ತವೆ. ಸತ್ತ ಹುಳು, ಕೊಳೆತ ಪ್ಯೂಪಾ ಇರುವ ಕಡೆ ಇದು ಬೆಳೆಯುತ್ತದೆ. ಸ್ವಚ್ಛತೆ ತಪ್ಪಿದ ಕಡೆ ಇದರ ಹಾವಳಿ ಹೆಚ್ಚು.

ಗೂಡಿನ ತೂತಿನ ಬಗ್ಗೆಯೂ ಹೇಳಿಬಿಡುತ್ತೇನೆ. ಊಜಿಯ ಮರಿ ಹೊರಬಂದ ಗೂಡಿನಲ್ಲಿ ಒಂದು ದುಂಡನೆಯ ಸಣ್ಣ ತೂತು ಇರುತ್ತದೆ. ಚಿಟ್ಟೆ ಹೊರಬಂದ ತೂತು ದೊಡ್ಡದು, ಗೂಡಿನ ತುದಿಯಲ್ಲಿರುತ್ತದೆ, ಅಂಚು ತೇವದಿಂದ ಕಲೆಗಟ್ಟಿರುತ್ತದೆ. ಡರ್ಮೆಸ್ಟಿಡ್ ದುಂಬಿ ಕೊರೆದ ಗೂಡಿನಲ್ಲಿ ತೂತುಗಳು ಅಂಕುಡೊಂಕಾಗಿದ್ದು ಪುಡಿಯೂ ಹಿಕ್ಕೆಯೂ ಉಳಿದಿರುತ್ತವೆ. ರೀಲರ್‌ಗೆ ಮೂರೂ ಒಂದೇ, ಏಕೆಂದರೆ ತೂತಾದ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ಸಾಕಣೆದಾರನಿಗೆ ಮಾತ್ರ ಒಂದಲ್ಲ.

ಹಿಪ್ಪುನೇರಳೆ ತೋಟ

ದೊಡ್ಡ ಕೋಶಗಳಲ್ಲಿ ಒಂದರ ಒಂದು ತುದಿ ಮುಚ್ಚಳ ತೆಗೆದಂತೆ ಒಡೆದಿದೆ. ಇನ್ನೊಂದರ ಪಕ್ಕದಲ್ಲಿ ಸೂಜಿಯಿಂದ ಚುಚ್ಚಿದಂಥ ತೂತು ಇದೆ, ತುದಿ ಒಡೆದಿಲ್ಲ. ಇದಕ್ಕೆ ಏನಾದರೂ ಅರ್ಥವಿದೆಯೇ?

ಬಿತ್ತನೆ ಕೋಠಿ

ಇದೆ, ಮತ್ತು ಅದು ಶುಭ ಸುದ್ದಿ. ನೊಣ ಹೊರಬರುವಾಗ ತನ್ನ ತಲೆಯ ಮುಂಭಾಗವನ್ನು ಉಬ್ಬಿಸಿ ಕೋಶದ ತುದಿಯನ್ನು ಮುಚ್ಚಳದಂತೆ ನೂಕಿ ತೆರೆಯುತ್ತದೆ. ಪಕ್ಕದಲ್ಲಿ ಸಣ್ಣ ತೂತಿದ್ದರೆ ಹೊರಬಂದದ್ದು ನೊಣವಲ್ಲ, ನೊಣದ ಕೋಶವನ್ನೇ ತಿಂದು ಬೆಳೆದ ಪುಟ್ಟ ಕಣಜ. ನೆಸೋಲಿಂಕ್ಸ್ ಥೈಮಸ್ ಎಂಬ ಕಣಜವನ್ನು ಊಜಿಯ ಜೈವಿಕ ನಿಯಂತ್ರಣಕ್ಕಾಗಿ ಹುಳು ಮನೆಗಳಲ್ಲಿ ಬಿಡುವ ಪದ್ಧತಿ ನಮ್ಮಲ್ಲಿದೆ. ಒಂದೇ ಕೋಶದಿಂದ ಅವು ಹಲವಾರು ಹೊರಬರುತ್ತವೆ. ಊಜಿ ಕೋಶಕ್ಕೆ ಬೀಳುವ ಕಣಜಗಳು ಬೇರೆಯೂ ಇರುವುದರಿಂದ ತೂತು ನೋಡಿ ಹೆಸರು ಹೇಳಲಾಗದು. ಅಂಥ ಕೋಶಗಳು ಕಂಡರೆ ಸುಡುವ ಮೊದಲು ಸಣ್ಣ ಕಣ್ಣಿನ ಬಲೆ ಕಟ್ಟಿದ ಡಬ್ಬಿಯಲ್ಲಿಡಿ. ಬಲೆಯ ಕಣ್ಣು ಕಣಜ ಹೊರಹೋಗುವಷ್ಟು ದೊಡ್ಡದಾಗಿ, ನೊಣ ಹೊರಹೋಗದಷ್ಟು ಸಣ್ಣದಾಗಿ ಇರಬೇಕು.

ಬ್ರಹ್ಮಪುತ್ರ ಕನ್ನಡಿಗ (ಗುವಾಹಟಿ)

ಇಲ್ಲಿ ಅಸ್ಸಾಮಿನ ಮೂಗಾ ರೇಷ್ಮೆ ಹುಳುವಿಗೂ ಊಜಿ ಕಾಟವಿದೆ, ಚಳಿಗಾಲದ ಬೆಳೆಯಲ್ಲಿ ವಿಶೇಷವಾಗಿ. ಆದರೆ ಇಲ್ಲಿನವರು ಅದನ್ನು ಎಕ್ಸೋರಿಸ್ಟಾ ಸಾರ್ಬಿಲ್ಲನ್ಸ್ ಎಂದು ಬರೆಯುತ್ತಾರೆ. ಕರ್ನಾಟಕದ ಹಳೆಯ ಬರಹಗಳಲ್ಲಿಯೂ ಈ ಹೆಸರನ್ನೇ ಕಂಡಿದ್ದೇನೆ, ಕೆಲವು ಕಡೆ ಟ್ರೈಕೋಲೈಗಾ ಬಾಂಬೈಸಿಸ್ ಎಂದೂ ಇತ್ತು. ಮೇಲೆ ಹೇಳಿದ ಅರಿಸ್ಟಾ, ಉಬ್ಬು, ಬಿರುಗೂದಲುಗಳಿಂದ ಇವೆರಡನ್ನು ಬೇರೆ ಮಾಡಬಹುದೇ?

ದ್ವಿರೆಕ್ಕೆ

ಬೇರೆ ಮಾಡಲಾಗದು. ನಾವು ಇಲ್ಲಿಯವರೆಗೆ ಚರ್ಚಿಸಿದ ಗುರುತುಗಳು ಕುಟುಂಬವನ್ನು ಹೇಳುತ್ತವೆ, ಹುಳು ಮನೆಯ ಬೇರೆ ನೊಣಗಳಿಂದ ಊಜಿಯನ್ನು ಬೇರ್ಪಡಿಸುತ್ತವೆ. ಪ್ರಭೇದದ ಹೆಸರು ಅದಕ್ಕಿಂತ ಮುಂದಿನ ಮಾತು. ಎಕ್ಸೋರಿಸ್ಟಾ ಕುಲದೊಳಗಿನ ಹತ್ತಿರದ ಪ್ರಭೇದಗಳನ್ನು ಖಚಿತವಾಗಿ ಹೇಳಲು ಗಂಡು ನೊಣದ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಈಗ ಡಿಎನ್‌ಎ ಪರೀಕ್ಷೆಯನ್ನೂ ಮಾಡುತ್ತಾರೆ. ಕರ್ನಾಟಕದ ಊಜಿಗೆ ಹಿಂದೆ ಸಾರ್ಬಿಲ್ಲನ್ಸ್ ಎಂಬ ಹೆಸರು ಬಳಕೆಯಲ್ಲಿತ್ತು, ಈಗ ಬಾಂಬೈಸಿಸ್ ಎಂಬುದು ರೂಢಿಯಲ್ಲಿದೆ. ಹಳೆಯ ವರದಿ ಓದುವಾಗ ಹೆಸರು ಬೇರೆ ಕಂಡರೆ ನೊಣವೂ ಬೇರೆ ಎಂದು ಭಾವಿಸಬಾರದು.

ನೋಟದಿಂದ ತಿಳಿಯದ ಕೆಲವನ್ನು ನಡವಳಿಕೆಯಿಂದ ತಿಳಿಯಬಹುದು, ಈ ಮಾತಿನಲ್ಲಿ ನಾನು ಹಳೇ ಚಂದ್ರಿಕೆಯವರ ಪಕ್ಷ. ಎಕ್ಸೋರಿಸ್ಟಾ ನೊಣಗಳು ದೊಡ್ಡ ಮೊಟ್ಟೆಯನ್ನು ಹುಳುವಿನ ಚರ್ಮಕ್ಕೇ ಅಂಟಿಸುತ್ತವೆ. ಜಪಾನಿನ ರೇಷ್ಮೆ ಹುಳುವಿಗೆ ಬರುವ ಬ್ಲೆಫಾರಿಪಾ ಸೆರಿಕಾರಿಯೇ ಎಂಬ ನೊಣ ಕೂಡ ಟ್ಯಾಕಿನಿಡ್ ಕುಟುಂಬದ್ದೇ, ಆದರೆ ಅದು ಅತಿ ಸಣ್ಣ ಮೊಟ್ಟೆಗಳನ್ನು ಹಿಪ್ಪುನೇರಳೆ ಎಲೆಯ ಮೇಲೆ ಇಡುತ್ತದೆ. ಹುಳು ಎಲೆಯೊಡನೆ ಮೊಟ್ಟೆಯನ್ನೂ ನುಂಗುತ್ತದೆ. ಅಲ್ಲಿ ಹುಳುವಿನ ಮೈಮೇಲೆ ಮೊಟ್ಟೆ ಹುಡುಕಿದರೆ ಸಿಗುವುದೇ ಇಲ್ಲ. ಹುಳು ಮನೆಗೆ ಪರದೆ ಕಟ್ಟಿ ನೊಣವನ್ನು ಹೊರಗಿಟ್ಟರೂ ಸೊಪ್ಪಿನ ಮೂಲಕ ಮೊಟ್ಟೆ ಒಳಗೆ ಬಂದುಬಿಡುತ್ತದೆ.

ಮಸೂರ

ಒಂದು ಕಿವಿಮಾತು, ವಿಷಯಕ್ಕೆ ಸಂಬಂಧಿಸಿದ್ದೇ. ಬಿರುಗೂದಲಿನ ಬೋಳು ಅರಿಸ್ಟಾದ ನೊಣ ಹೊಲದಲ್ಲಿ ಸಿಕ್ಕಿತೆಂದು ಊಜಿಯೆಂದು ಕೊಲ್ಲಬೇಡಿ. ಟ್ಯಾಕಿನಿಡ್ ಕುಟುಂಬದಲ್ಲಿ ಸಾವಿರಾರು ಪ್ರಭೇದಗಳಿದ್ದು, ಅವುಗಳಲ್ಲಿ ಎಷ್ಟೋ ನೊಣಗಳು ಬೆಳೆಗೆ ಬೀಳುವ ಕಂಬಳಿಹುಳುಗಳನ್ನೇ ತಿಂದು ಬದುಕುತ್ತವೆ. ಕಬ್ಬಿನ ಕಾಂಡ ಕೊರಕಕ್ಕೆ ಬೀಳುವ ಸ್ಟರ್ಮಿಯಾಪ್ಸಿಸ್ ಇನ್‌ಫೆರೆನ್ಸ್, ತೆಂಗಿನ ಕಪ್ಪುತಲೆ ಹುಳುವಿಗೆ ಬೀಳುವ ಸ್ಪೊಗೋಸಿಯಾ ಬೆಜ್ಜಿಯಾನಾ ಇವೆರಡೂ ಊಜಿಯ ನೆಂಟರೇ. ಅವು ರೈತನ ಪರ.

ಹಿಪ್ಪುನೇರಳೆ ತೋಟ

ಚಿಂತಾಮಣಿಯ ಗಡಿಯಾರದ ಅಂಗಡಿಯಲ್ಲಿ ಮಸೂರ ಸಿಕ್ಕಿತು. ನೋಡಿದ್ದನ್ನು ಇದ್ದಂತೆಯೇ ಬರೆಯುತ್ತಿದ್ದೇನೆ, ಹೆಸರನ್ನು ತಾವೇ ಹೇಳಬೇಕು.

ದೊಡ್ಡ ನೊಣ, ನಾಲ್ಕು ಪಟ್ಟೆಯದು: ಮೀಸೆಯ ಕಡ್ಡಿ ಬೋಳಾಗಿದೆ. ಹಿಂದಿನ ಫಲಕದ ಕೆಳಗೆ ದುಂಡನೆಯ ಉಬ್ಬು ಇದೆ. ಹೊಟ್ಟೆ ಮೊನಚು, ಮೊದಲ ಖಂಡ ಕಪ್ಪು, ಎರಡೂ ಪಕ್ಕದಲ್ಲಿ ದಟ್ಟವಾದ ಬಿರುಗೂದಲು. ಇಂಥದ್ದೇ ಇನ್ನೊಂದಿದೆ, ಅದು ತುಸು ಗಿಡ್ಡ, ಹೊಟ್ಟೆ ಅಗಲ, ಪಕ್ಕದ ಕೂದಲು ವಿರಳ.

ಸಣ್ಣ ನೊಣ, ನಾಲ್ಕು ಪಟ್ಟೆಯದು: ಕಡ್ಡಿಯಲ್ಲಿ ತುದಿಯವರೆಗೆ ಗರಿ ಇದೆ. ಉಬ್ಬು ಕಾಣಲಿಲ್ಲ. ಹೊಟ್ಟೆಯ ಬುಡ ಪಕ್ಕದಲ್ಲಿ ಹಳದಿ.

ಮೂರು ಪಟ್ಟೆಯದು: ಗರಿ ಅರ್ಧಕ್ಕೆ ನಿಂತಿದೆ. ಉಬ್ಬು ಇಲ್ಲ.

ದೊಡ್ಡ ಕೋಶಗಳಲ್ಲಿ ಹೆಚ್ಚಿನವುಗಳ ಹಿಂತುದಿಯಲ್ಲಿ ಕಪ್ಪು ತಟ್ಟೆಗಳು ಹೊರಗೇ ಇವೆ. ಎರಡರಲ್ಲಿ ಮಾತ್ರ ಕುಳಿಯಿದೆ. ಸಣ್ಣ ಕೋಶಗಳಲ್ಲಿ ಕೊಂಬುಗಳು ಸ್ಪಷ್ಟವಾಗಿ ಕಂಡವು.

ದ್ವಿರೆಕ್ಕೆ

ಇಷ್ಟು ಚೆನ್ನಾಗಿ ವಿವರಿಸಿದ ಮೇಲೆ ಚಿತ್ರದ ಅಗತ್ಯವೇ ಇಲ್ಲ. ಮೊದಲನೆಯದು ಊಜಿಯ ಗಂಡು, ತುಸು ಗಿಡ್ಡಗೆ ಅಗಲ ಹೊಟ್ಟೆಯದು ಅದರ ಹೆಣ್ಣು; ಪಕ್ಕದ ಬಿರುಗೂದಲು ಗಂಡಿನಲ್ಲಿ ದಟ್ಟ, ಹೆಣ್ಣಿನಲ್ಲಿ ಕಡಿಮೆ. ಸಣ್ಣದು ಮನೆನೊಣ, ಮೂರು ಪಟ್ಟೆಯದು ಮಾಂಸನೊಣ. ಮಾಂಸನೊಣದ ಪ್ರಭೇದವನ್ನು ಹೇಳುವುದಕ್ಕೆ ಅಲ್ಲಿಯೂ ಗಂಡಿನ ಜನನಾಂಗವೇ ಬೇಕು. ತಮ್ಮ ಕೆಲಸಕ್ಕೆ ಅದರ ಅಗತ್ಯವಿಲ್ಲ. ಸಣ್ಣ ಕೋಶಗಳು ಫೋರಿಡ್‌ನವು.

ಕೋಶಗಳು ಈಗಾಗಲೇ ಮನೆಯೊಳಗೆ ಒಡೆದಿರುವುದರಿಂದ, ಪರದೆಯ ಮೇಲೆ ಸಿಕ್ಕ ಊಜಿಗಳು ಹೊರಗಿನಿಂದ ಬಂದವೆಂದು ಹೇಳುವುದಕ್ಕಿಂತ ಒಳಗೇ ಹುಟ್ಟಿ ಬೆಳಕಿನ ಕಡೆಗೆ ಹಾರಿದವೆಂದು ಹೇಳುವುದೇ ಹೆಚ್ಚು ಸರಿ. ಊಜಿಯ ಕೋಶ ಒಡೆಯಲು ಸುಮಾರು 10ರಿಂದ 12 ದಿನ ಬೇಕು. ಅದಕ್ಕೂ ಮುಂಚೆ ಮರಿ ಒಂದು ವಾರದಷ್ಟು ಕಾಲ ಹುಳುವಿನೊಳಗೆ ಇರುತ್ತದೆ. ಈ ಲೆಕ್ಕದಲ್ಲಿ ಹಿಂದಕ್ಕೆ ಎಣಿಸಿದರೆ, ಇವು ಹಿಂದಿನ ಬೆಳೆಯ ಕೊನೆಯಲ್ಲಿ ಉಳಿದ ಕೋಶಗಳಿಂದ ಬಂದಿವೆಯೋ ಈ ಬೆಳೆಯ ಆರಂಭದ ಹುಳುವಿನಿಂದಲೋ ಎಂಬುದನ್ನು ತಾವೇ ತಮ್ಮ ದಿನಚರಿ ನೋಡಿ ಹೇಳಬಹುದು.

ಹಳೇ ಚಂದ್ರಿಕೆ

ಹಿಂದಿನ ಬೆಳೆಯದೇ ಇರಬೇಕು. ಗೂಡು ಬಿಡಿಸಿದ ಮೇಲೆ ನೆಲದ ಬಿರುಕುಗಳನ್ನು ಮುಚ್ಚದೆ ಮುಂದಿನ ಚಾಕಿ (ಎಳೆಯ ಹುಳು) ತಂದರೆ ಹೀಗಾಗುವುದು ನಮ್ಮ ಕಡೆ ಸಾಮಾನ್ಯ. ತೋಟದವರು ಆ ಬಿರುಕಿಗೆ ಸಿಮೆಂಟು ಮೆತ್ತಿಸಲಿ. ಉಳಿದ ಕೋಶಗಳನ್ನು, ಆ ಪಕ್ಕದ ತೂತಿನವುಗಳನ್ನು ಬಿಟ್ಟು, ಆರಿಸಿ ಸುಟ್ಟುಬಿಡಲಿ.

ಹಿಪ್ಪುನೇರಳೆ ತೋಟ

ದಿನಚರಿ ನೋಡಿದೆ, ಹಿರಿಯರು ಹೇಳಿದಂತೆ ಹಿಂದಿನ ಬೆಳೆಯ ಲೆಕ್ಕಕ್ಕೇ ಬರುತ್ತದೆ. ಬಿರುಕು ಮುಚ್ಚಿಸುವ ಕೆಲಸ ಈ ಗೂಡು ಬಿಡಿಸಿದ ಕೂಡಲೇ ಆಗಲಿದೆ. ಕೊನೆಯ ಪ್ರಶ್ನೆ: ಈ ನೊಣಗಳನ್ನು ನಮ್ಮ ಊರಿನ ಬೇರೆ ಸಾಕಣೆದಾರರಿಗೆ ತೋರಿಸಲು ಇಟ್ಟುಕೊಳ್ಳಬೇಕೆಂದಿದ್ದೇನೆ. ಸ್ಪಿರಿಟ್‌ನಲ್ಲಿ ಹಾಕಬಹುದೇ?

ದ್ವಿರೆಕ್ಕೆ

ನೊಣವನ್ನು ಹಾಕಬೇಡಿ, ಪಟ್ಟೆಗಳೂ ಹೊಟ್ಟೆಯ ಬಣ್ಣವೂ ಸರಿಯಾಗಿ ಕಾಣುವುದಿಲ್ಲ. ಬಲ ಎದೆಯ ಮೇಲ್ಭಾಗದಲ್ಲಿ, ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಸಣ್ಣ ಪಿನ್ನು ಚುಚ್ಚಿ ಒಣಗಿಸಿ. ಹೀಗೆ ಮಾಡಿದರೆ ಎಡಭಾಗದ ಕೂದಲುಗಳು ಹಾಳಾಗದೆ ಉಳಿಯುತ್ತವೆ. ಕೋಶದಿಂದ ಆಗತಾನೆ ಹೊರಬಂದ ನೊಣವಾದರೆ ಮೈ ಮೃದುವಾಗಿರುತ್ತದೆ, ಬಣ್ಣವೂ ಬಂದಿರುವುದಿಲ್ಲ. ಒಂದು ದಿನ ಬದುಕಲು ಬಿಟ್ಟು ಅನಂತರ ಪಿನ್ನು ಹಾಕಿ. ಮರಿಗಳನ್ನು ಮಾತ್ರ ಬಿಸಿನೀರಿನಲ್ಲಿ ಅದ್ದಿ ತೆಗೆದು 70 ಶೇಕಡಾ ಆಲ್ಕೋಹಾಲ್‌ನಲ್ಲಿಡಬೇಕು, ನೇರವಾಗಿ ಹಾಕಿದರೆ ಕಪ್ಪಾಗಿ ಮುದುಡುತ್ತವೆ. ನೊಣ ಹೊರಬಂದ ಖಾಲಿ ಕೋಶವನ್ನು ಎಸೆಯದೆ ಅದೇ ಪಿನ್ನಿಗೆ ಅಂಟಿಸಿಡಿ. ಕೆಳಗೆ ಚೀಟಿಯಲ್ಲಿ ಊರು, ತಾಲ್ಲೂಕು, ತಾರೀಖು, ಯಾವ ತಳಿಯ ಹುಳು, ಎಷ್ಟನೇ ಜ್ವರ ಎದ್ದದ್ದು, ಪರದೆಯ ಮೇಲೆ ಸಿಕ್ಕಿತೋ ಹುಳುವಿನಿಂದಲೇ ಹೊರಬಂದಿತೋ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪರದೆಯ ಮೇಲೆ ಸಿಕ್ಕಿದ್ದನ್ನು "ಹುಳುವಿನಿಂದ" ಎಂದು ಬರೆಯಬಾರದು.